ರೈಜೋಬಿಯಂ ಎಟ್ಲಿಯ ಲಿಪಿಡ್-ಎ: ರಚನಾ ವರದಿ ಮತ್ತು ಕಿಣ್ವ ಸಾಕ್ಷ್ಯಗಳ ನಡುವಿನ ಒಂದು ಭಿನ್ನತೆ

1. ವ್ಯಾಪ್ತಿ

ಬೀನ್ಸ್ ಗಿಡದ ಬೇರುಗಂಟುಗಳಲ್ಲಿ ಸಾರಜನಕ ಸ್ಥಿರೀಕರಿಸುವ ರೈಜೋಬಿಯಂ ಎಟ್ಲಿಯ ಹೊರಪೊರೆಯಲ್ಲಿ ಲಿಪೊಪಾಲಿಸ್ಯಾಕರೈಡ್ ಅಣುವನ್ನು ನೆಲೆಗೊಳಿಸುವ ಭಾಗ ಲಿಪಿಡ್-ಎ. ಸಿಇ3 ತಳಿಯ ಈ ಭಾಗದ ಬಗ್ಗೆ 1994ರಲ್ಲೂ 2000ದಲ್ಲೂ ಪ್ರಕಟವಾದ ವಿವರಗಳು ಒಂದು ಅಂಶದಲ್ಲಿ ಪರಸ್ಪರ ಹೊಂದುವುದಿಲ್ಲ. ಆ ಅಂಶವೂ ಅದನ್ನು ಬೆಳಕಿಗೆ ತಂದ ಕಿಣ್ವಕ್ರಿಯೆಯೂ ಇಲ್ಲಿನ ವಿಷಯ. ಓ-ಆಂಟಿಜನ್ ಹಾಗೂ ಹೊರಕೋಶೀಯ ಪಾಲಿಸ್ಯಾಕರೈಡ್‌ಗಳನ್ನು ಪರಿಗಣಿಸಿಲ್ಲ.

ಹೆಸರಿನ ಕುರಿತು ಒಂದು ಮಾತು. ಎಟ್ಲಿಯನ್ನು ಪ್ರತ್ಯೇಕ ಪ್ರಭೇದವೆಂದು ಹೆಸರಿಸಿದ್ದು 1993ರಲ್ಲಿ. 1994ರ ರಚನಾ ಪ್ರಬಂಧದ ಶೀರ್ಷಿಕೆಯಲ್ಲಿ ಇನ್ನೂ ‘ರೈಜೋಬಿಯಂ ಲೆಗ್ಯುಮಿನೋಸಾರಮ್ ಬಯೋವಾರ್ ಫ್ಯಾಸಿಯೋಲಿ’ ಎಂಬ ಹಳೆಯ ಹೆಸರೇ ಇದೆ. ಹೆಸರು ಬೇರೆ ಎಂಬ ಕಾರಣಕ್ಕೆ ಆ ವರದಿಯನ್ನು ಬೇರೊಂದು ಜೀವಿಗೆ ಸಂಬಂಧಿಸಿದ್ದೆಂದು ಬದಿಗಿಡುವುದು ಸರಿಯಾಗದು.

2. 1994ರ ವಿವರ

ಭಟ್, ಫೋರ್ಸ್‌ಬರ್ಗ್ ಮತ್ತು ಕಾರ್ಲ್‌ಸನ್ ಅವರ ಪ್ರಬಂಧದ ಪ್ರಕಾರ ಈ ಲಿಪಿಡ್-ಎಯಲ್ಲಿ ಫಾಸ್ಫೇಟ್ ಇಲ್ಲ. ಗ್ಲೂಕೋಸಮೀನ್‌ನ ಜೊತೆಗೆ ಗ್ಯಾಲಕ್ಟ್ಯುರಾನಿಕ್ ಆಮ್ಲ ಮತ್ತು ಅಮಿನೋಗ್ಲೂಕೋನೇಟ್ ಘಟಕಗಳಿವೆ. 28 ಇಂಗಾಲಗಳ 27-ಹೈಡ್ರಾಕ್ಸಿ ಮೇದಾಮ್ಲವೂ ಇದೆ. ಇದೇ ಆಮ್ಲವನ್ನು ರೈಜೋಬಿಯಂ ಟ್ರೈಫೋಲಿಯಲ್ಲಿ ಹಾಲಿಂಗ್ಸ್‌ವರ್ತ್ ಮತ್ತು ಕಾರ್ಲ್‌ಸನ್ 1989ರಲ್ಲೇ ವರದಿ ಮಾಡಿದ್ದರು. ಒಂದು ಮೇದಾಮ್ಲದ ಹೈಡ್ರಾಕ್ಸಿಲ್‌ಗೆ ಇನ್ನೊಂದು ಮೇದಾಮ್ಲ ಎಸ್ಟರ್ ಬಂಧದಿಂದ ಸೇರುವ ಏರ್ಪಾಡು, ಅಂದರೆ ಅಸೈಲಾಕ್ಸಿಅಸೈಲ್ ಗುಂಪು, ಇದರಲ್ಲಿಲ್ಲ ಎಂಬುದು ಆ ವಿವರದ ಮತ್ತೊಂದು ಅಂಶ. ಭಿನ್ನತೆ ಹುಟ್ಟಿದ್ದು ಇಲ್ಲಿ.

3. ಕಿಣ್ವಗಳ ಸಾಕ್ಷ್ಯ

ಕ್ರಿಶ್ಚಿಯನ್ ರೇಟ್ಸ್ ಅವರ ಪ್ರಯೋಗಾಲಯವು ಕಾರ್ಲ್‌ಸನ್ ಅವರ ಜೊತೆಗೂಡಿ 1994ರಲ್ಲೇ ಇನ್ನೊಂದು ದಿಕ್ಕಿನಿಂದ ಅದೇ ಅಣುವಿನತ್ತ ಬಂದಿತ್ತು. ಲೆಗ್ಯುಮಿನೋಸಾರಮ್‌ನ ಕೋಶಸಾರದಲ್ಲಿ, ಇ. ಕೋಲೈನಲ್ಲಿರುವಂತೆಯೇ, ಎರಡು ಕೆಡಿಒ ಸಕ್ಕರೆಗಳುಳ್ಳ ಲಿಪಿಡ್-ನಾಲ್ಕು-ಎ ಎಂಬ ಪೂರ್ವರೂಪವನ್ನು ಕಟ್ಟುವ ಕಿಣ್ವಗಳ ಚಟುವಟಿಕೆ ಕಂಡುಬಂತು. ಈ ಪೂರ್ವರೂಪದ 1 ಮತ್ತು 4′ ಸ್ಥಾನಗಳೆರಡರಲ್ಲೂ ಫಾಸ್ಫೇಟ್ ಇರುತ್ತದೆ. ಹಾಗಾಗಿ ಅಂತಿಮ ಅಣುವಿನಲ್ಲಿ ಫಾಸ್ಫೇಟ್ ಇಲ್ಲದಿರುವುದು ಅದನ್ನು ಮೊದಲೇ ಹಚ್ಚದಿದ್ದುದರಿಂದಲ್ಲ, ಹಚ್ಚಿ ತೆಗೆದುದರಿಂದ ಎಂದು ಊಹಿಸಬೇಕಾಯಿತು. 1995ರಲ್ಲಿ 4′-ಫಾಸ್ಫಟೇಸ್‌ನ ವರದಿ ಬಂತು. ತಲಾಧಾರದಲ್ಲಿ ಕೆಡಿಒ ಇದ್ದರೆ ಮಾತ್ರ ಅದು ಚುರುಕಾಗಿ ವರ್ತಿಸುತ್ತದೆ. 1-ಫಾಸ್ಫಟೇಸ್‌ನ ವಂಶವಾಹಿ ಎಲ್‌ಪಿಎಕ್ಸ್-ಇ 2003ರಲ್ಲಿ ಕ್ಲೋನ್ ಆಯಿತು.

ನಿರ್ಣಾಯಕ ಸಾಕ್ಷ್ಯ 1996ರದು. 28 ಇಂಗಾಲಗಳ ಸರಪಳಿಯನ್ನು ಎಸಿಪಿ-ಎಕ್ಸ್‌ಎಲ್ ಎಂಬ ವಿಶೇಷ ಅಸೈಲ್ ವಾಹಕ ಪ್ರೋಟೀನ್ ಹೊತ್ತು ತರುತ್ತದೆ, ಪ್ರನಾಳದಲ್ಲಿ ಅದು ಮೇಲಿನ ಪೂರ್ವರೂಪಕ್ಕೇ ವರ್ಗವಾಗುತ್ತದೆ ಎಂದು ತೋರಿತು. ಪೂರ್ವರೂಪದ 2, 3, 2′, 3′ ಸ್ಥಾನಗಳಲ್ಲಿ ಆಗಲೇ ಒಂದೊಂದು ಹೈಡ್ರಾಕ್ಸಿ ಮೇದಾಮ್ಲವಿದೆ. 6′ ಸ್ಥಾನದಲ್ಲಿ ಕೆಡಿಒ ಇದೆ. ಹೊಸ ಸರಪಳಿಗೆ ಸಹಜವಾಗಿ ಉಳಿಯುವ ತಾಣ ಈ ಮೇದಾಮ್ಲಗಳಲ್ಲೊಂದರ ಹೈಡ್ರಾಕ್ಸಿಲ್. ಅಲ್ಲಿ ಸೇರಿದರೆ ಉಂಟಾಗುವುದು 1994ರ ವಿವರ ಇಲ್ಲವೆಂದ ಅಸೈಲಾಕ್ಸಿಅಸೈಲ್ ಗುಂಪೇ.

4. 2000ದ ಮರುಪರಿಶೀಲನೆ

ಕ್ವೇ ಮತ್ತು ಸಂಗಡಿಗರು ಈ ಅಸಂಗತಿಯನ್ನು ಎತ್ತಿ ಹೇಳಿಯೇ ಕೆಲಸ ಆರಂಭಿಸಿದರು. ಹೊಸ ಕ್ರೊಮ್ಯಾಟೋಗ್ರಫಿ ವಿಧಾನದಲ್ಲಿ ಸಿಇ3ಯ ಲಿಪಿಡ್-ಎ ಆರು ಘಟಕಗಳಾಗಿ ಬೇರ್ಪಟ್ಟಿತು. ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ ಎಲ್ಲ ಘಟಕಗಳಲ್ಲೂ 2′ ಸ್ಥಾನದಲ್ಲಿ ಅಸೈಲಾಕ್ಸಿಅಸೈಲ್ ಗುಂಪು ಕಂಡಿತು; ದೀರ್ಘ ಸರಪಳಿ ಇದ್ದದ್ದು ಅಲ್ಲೇ. ಡಿ-1, ಡಿ-2 ಮತ್ತು ಇ ಘಟಕಗಳಲ್ಲಿ ಅಮಿನೋಗ್ಲೂಕೋನೇಟ್ ಇದ್ದರೆ, ಬಿ ಮತ್ತು ಸಿ ಘಟಕಗಳಲ್ಲಿ ಸಾಮಾನ್ಯ ಗ್ಲೂಕೋಸಮೀನ್ ಇತ್ತು. ಫಾಸ್ಫೇಟ್ ಇಲ್ಲವೆಂಬ ಮತ್ತು 4′ ಸ್ಥಾನದಲ್ಲಿ ಗ್ಯಾಲಕ್ಟ್ಯುರಾನಿಕ್ ಆಮ್ಲವಿದೆ ಎಂಬ ಹಿಂದಿನ ನಿರ್ಣಯಗಳು ಉಳಿದುಕೊಂಡವು. 1994ರ ಕೆಲಸದ ಬಹುಭಾಗ ಗಟ್ಟಿಯಾಗಿ ನಿಂತಿದೆ ಎಂಬುದನ್ನು ಒತ್ತಿ ಹೇಳಬೇಕು. ಮುಂದಿನ ಉಲ್ಲೇಖಗಳಲ್ಲಿ ಇದು ಮರೆಯಾಗುವುದು ನ್ಯಾಯವಲ್ಲ.

ಬಿ ಘಟಕದ ಪತ್ತೆಗೆ ಹೆಚ್ಚಿನ ಬೆಲೆಯಿದೆ. ಅದನ್ನು ಉತ್ಕರ್ಷಿಸಿದರೆ ಡಿ-1 ಆಗಬಹುದೆಂಬ ಸೂಚನೆ 2003ರಲ್ಲಿ ಎಲ್‌ಪಿಎಕ್ಸ್-ಕ್ಯೂ ಎಂಬ ಆಕ್ಸಿಡೇಸ್‌ನ ಪತ್ತೆಗೆ ದಾರಿಯಾಯಿತು. ಈ ಕಿಣ್ವದ ನೆಲೆ ಹೊರಪೊರೆ. ಅದಕ್ಕೆ ಆಮ್ಲಜನಕ ಬೇಕು. ಬೇರುಗಂಟಿನೊಳಗೆ ಮುಕ್ತ ಆಮ್ಲಜನಕ ನ್ಯಾನೊಮೋಲಾರ್ ಮಟ್ಟದಲ್ಲಷ್ಟೇ ಇರುವುದರಿಂದ, ಕೃಷಿ ಮಾಧ್ಯಮದಲ್ಲಿ ಬೆಳೆದ ಕೋಶಗಳ ಅಮಿನೋಗ್ಲೂಕೋನೇಟ್ ಪ್ರಮಾಣವನ್ನು ಗಂಟಿನೊಳಗಿನ ಬ್ಯಾಕ್ಟೀರಿಯಾ ಕೋಶಗಳಾದ ಬ್ಯಾಕ್ಟೀರಾಯ್ಡ್‌ಗಳಿಗೆ ನೇರವಾಗಿ ಅನ್ವಯಿಸಲಾಗದು.

5. ಸಹಜೀವನದಲ್ಲಿ ಪಾತ್ರ

ಈ ವಿಶಿಷ್ಟ ರೂಪಗಳು ಸಹಜೀವನಕ್ಕೆ ಅಗತ್ಯವಿರಬಹುದೆಂದು 2000ದ ಪ್ರಬಂಧ ಸೂಚಿಸಿತ್ತು. ಫಾಸ್ಫೇಟ್ ತೆಗೆಯುವ ಹಂತಗಳ ಮಟ್ಟಿಗಾದರೂ ಅದಕ್ಕೆ ಬೆಂಬಲ ಸಿಕ್ಕಿಲ್ಲ. 2010ರ ವರದಿಯಂತೆ, ಎಲ್‌ಪಿಎಕ್ಸ್-ಇ ಮತ್ತು 4′-ಫಾಸ್ಫಟೇಸ್‌ನ ವಂಶವಾಹಿ ಎಲ್‌ಪಿಎಕ್ಸ್-ಎಫ್ ಎರಡನ್ನೂ ಕಳೆದುಕೊಂಡ ಎಟ್ಲಿ ತಳಿಯ ಲಿಪಿಡ್-ಎಯಲ್ಲಿ ಫಾಸ್ಫೇಟ್ ಉಳಿದರೂ ಅದು ಬೀನ್ಸ್ ಬೇರಿನಲ್ಲಿ ಸಾರಜನಕ ಸ್ಥಿರೀಕರಿಸುವ ಗಂಟುಗಳನ್ನು ರೂಪಿಸಿತು. ಬದಲಾದದ್ದು ಪಾಲಿಮಿಕ್ಸಿನ್‌ಗೆ ಅದರ ಸಂವೇದನೆ, ಅದು ಹೆಚ್ಚಿತು. ಇಂಥ ಧನಾವೇಶದ ಪೆಪ್ಟೈಡ್‌ಗಳಿಂದ ರಕ್ಷಣೆ ಈ ಕಿಣ್ವಗಳ ಕೆಲಸವಿರಬಹುದು ಎಂಬ ಲೇಖಕರ ಓದು ದತ್ತಾಂಶವನ್ನು ಮೀರಿಲ್ಲ.

ದೀರ್ಘ ಸರಪಳಿಯ ವಿಷಯ ಇನ್ನಷ್ಟು ತೊಡಕಿನದು. ಲೆಗ್ಯುಮಿನೋಸಾರಮ್‌ನಲ್ಲಿ ಎಸಿಪಿ-ಎಕ್ಸ್‌ಎಲ್ ವಂಶವಾಹಿ ಕೆಟ್ಟಾಗ ಕೃಷಿ ಮಾಧ್ಯಮದ ಕೋಶಗಳ ಲಿಪಿಡ್-ಎಯಲ್ಲಿ 28 ಇಂಗಾಲಗಳ ಆಮ್ಲ ಇರಲಿಲ್ಲ. ಇದು 2003ರ ವರದಿ. ಅದೇ ರೂಪಾಂತರಿ ತಳಿಯ ಬ್ಯಾಕ್ಟೀರಾಯ್ಡ್‌ಗಳನ್ನು ಬಟಾಣಿ ಗಂಟುಗಳಿಂದ ಬೇರ್ಪಡಿಸಿ ನೋಡಿದಾಗ ಆ ಆಮ್ಲ ಮತ್ತೆ ಕಾಣಿಸಿತೆಂದು 2006ರ ವರದಿ ಹೇಳುತ್ತದೆ. ಎರಡು ವರದಿಗಳೂ ಒಂದೇ ಗುಂಪಿನವು. ಒಂದು ಇನ್ನೊಂದನ್ನು ಅಲ್ಲಗಳೆಯುವುದಿಲ್ಲ. ಆದರೆ ಈ ತಳಿ ಗಂಟು ಕಟ್ಟಿತೆಂಬ ಆಧಾರದ ಮೇಲೆ ಮಾತ್ರ ದೀರ್ಘ ಸರಪಳಿ ಸಹಜೀವನಕ್ಕೆ ಅನಗತ್ಯ ಎನ್ನುವ ವಾದಕ್ಕೆ 2006ರ ನಂತರ ನೆಲೆಯಿಲ್ಲ. ಗಂಟಿನೊಳಗಿನ ಕೋಶಗಳಲ್ಲಿ ಆ ಆಮ್ಲವನ್ನು ನೇರವಾಗಿ ಅಳೆದ ಪ್ರಯೋಗಗಳನ್ನೇ ಈ ಪ್ರಶ್ನೆಗೆ ಸಾಕ್ಷ್ಯವಾಗಿ ಎಣಿಸುವುದು ಯುಕ್ತ.