ಪುಣೆಯ ಗೊಂಬೆ ಹೌದ

ಪುಣೆಗೆ ಬಂದ ಹೊಸತರಲ್ಲಿ ಹಳೇ ಪೇಠೆಗಳಲ್ಲಿ ಯಾರನ್ನು ದಾರಿ ಕೇಳಿದರೂ "ಕಾಳಾ ಹೌದ್ ದಾಟಿ ಹೋಗಿ", "ಬಾಹುಲೀಚಾ ಹೌದ್ ಹತ್ತಿರ ಕೇಳಿ" ಎನ್ನುತ್ತಿದ್ದರು. ಧಾರವಾಡದ ಕಡೆಯವನಾದ ನನಗೆ ಹೌದ ಅಂದರೆ ಮನೆಯಲ್ಲಿ ನೀರು ತುಂಬಿಡುವ ತೊಟ್ಟಿ. ಊರ ತುಂಬ ಹೌದ ಯಾಕಪ್ಪಾ ಅಂತ ನಗು ಬರುತ್ತಿತ್ತು.

ಆಮೇಲೆ ಗೊತ್ತಾಯಿತು, ಪುಣೆ ಬೆಳೆದದ್ದೇ ಈ ಹೌದಗಳ ನೀರು ಕುಡಿದು. 1730ರಲ್ಲಿ ಶನಿವಾರವಾಡೆಗೆ ಅಡಿಪಾಯ ಬಿದ್ದ ಮೇಲೆ ಸಣ್ಣ ಊರಿಗೆ ಜನ ಬಂದು ತುಂಬಿಕೊಂಡರು, ನೀರು ಸಾಲದಾಯಿತು. 1750ರ ಸುಮಾರಿಗೆ ನಾನಾಸಾಹೇಬ ಪೇಶ್ವೆ ದಕ್ಷಿಣದ ಕಾತ್ರಜದಲ್ಲಿ ಕೆರೆ ಕಟ್ಟಿಸಿ, ಅಲ್ಲಿಂದ ನೆಲದಡಿ ಕಲ್ಲಿನ ಕಾಲುವೆ ಮಾಡಿಸಿದ. ಕಾತ್ರಜ ಎತ್ತರದಲ್ಲಿದೆ, ಊರು ತಗ್ಗಿನಲ್ಲಿ. ಪಂಪು ಗಿಂಪು ಏನೂ ಇಲ್ಲ, ಇಳಿಜಾರೇ ನೀರನ್ನು ಓಡಿಸುತ್ತಿತ್ತು. ದಾರಿಯಲ್ಲಿ ಗಾಳಿಯಾಡಲು ಕಂಡಿಗಳು. ಕೊನೆಗೆ ಪೇಠೆಗಳಲ್ಲಿ ಜನ ಕೊಡ ತುಂಬಿಕೊಳ್ಳುವ ಹೌದಗಳು.

ಇಷ್ಟು ಓದಿದಾಗ ಹೆಮ್ಮೆ ಅನಿಸಿತ್ತು. ಆದರೆ ಆ ನೀರು ಎಲ್ಲರಿಗೂ ಇರಲಿಲ್ಲ. ದಲಿತರು ಅದನ್ನು ಮುಟ್ಟುವಂತಿರಲಿಲ್ಲ. 1868ರಲ್ಲಿ ಜೋತಿಬಾ ಫುಲೆ ಗಂಜ್ ಪೇಠೆಯ ತಮ್ಮ ಮನೆಯ ಹೌದವನ್ನೇ ಅವರಿಗೆ ತೆರೆದರು. ಪೇಶ್ವೆಯ ಆಳ್ವಿಕೆ ಮುಗಿದು ಆಗಲೇ ಐವತ್ತು ವರ್ಷ ಆಗಿತ್ತು, ನೋಡಿ!

ಬಾಹುಲೀಚಾ ಹೌದ್ ಕಟ್ಟಿಸಿದವರು ಫುಲೆಯವರ ಗೆಳೆಯ, ಡಾಕ್ಟರ್ ವಿಶ್ರಾಮ ರಾಮಜಿ ಘೋಲೆ. ಬಾಹುಲೀ ಅಂದರೆ ಗೊಂಬೆ. ಅವರ ಮಗಳು ಕಾಶೀಬಾಯಿ 1877ರಲ್ಲಿ, ಎಂಟನೇ ವಯಸ್ಸಿಗೇ ತೀರಿಕೊಂಡಳು. ಹೆಣ್ಣುಮಗುವಿಗೆ ಓದು ಕಲಿಸಿದ್ದು ಸಹಿಸದ ಬಂಧುಗಳು ತಿಂಡಿಯಲ್ಲಿ ಗಾಜಿನ ಪುಡಿ ಬೆರೆಸಿ ಕೊಟ್ಟರು ಎಂದು ಪುಣೆಯಲ್ಲಿ ಜನ ಇಂದಿಗೂ ಹೇಳುತ್ತಾರೆ. ಅಪ್ಪ ಅವಳ ನೆನಪಿಗೆ ಗುಡಿ ಕಟ್ಟಿಸಲಿಲ್ಲ. ಬುಧವಾರ ಪೇಠೆಯಲ್ಲಿ ಗೊಂಬೆಯ ಶಿಲ್ಪವಿಟ್ಟು ಹೌದ ಕಟ್ಟಿಸಿ, ಎಲ್ಲ ಜಾತಿಯವರಿಗೂ ಬಿಟ್ಟುಕೊಟ್ಟರು.

ಇದನ್ನು ತಿಳಿದ ದಿನ ನನಗೆ ನಮ್ಮೂರ ಬಾವಿ ನೆನಪಾಯಿತು. ಕೇರಿಯ ಒಬ್ಬಾಕೆ ಕೊಡ ಇಟ್ಟುಕೊಂಡು ದೂರದಲ್ಲಿ ನಿಂತಿರುತ್ತಿದ್ದಳು, ಯಾರಾದರೂ ಸೇದಿ ಮೇಲಿಂದ ಸುರಿಯಲಿ ಅಂತ. "ಯವ್ವಾ, ಒಂದ್ ಕೊಡ ಹಾಕ್ರೀ" ಅನ್ನುವ ಆ ದನಿ ಇನ್ನೂ ಕಿವಿಯಲ್ಲಿದೆ. ನಾನೂ ಒಂದೆರಡು ಸಲ ಸುರಿದಿದ್ದೇನೆ, ಪುಣ್ಯ ಮಾಡಿದೆ ಅಂದುಕೊಂಡು. ಆಕೆ ತಾನೇ ಯಾಕೆ ಸೇದಬಾರದು ಅಂತ ಒಂದು ದಿನವೂ ಕೇಳಲಿಲ್ಲ.

ಈಗ ಫರಾಸ್‌ಖಾನಾ ಪೊಲೀಸ್ ಠಾಣೆಯ ಬಳಿಯ ಆ ಹೌದಕ್ಕೆ ಕೊಡ ಹಿಡಿದು ಬರುವವರಿಲ್ಲ. ಸುತ್ತ ರಿಕ್ಷಾ, ಸ್ಕೂಟರು, ಗದ್ದಲ. ದಗಡೂಶೇಠ್ ಗಣಪತಿ ನೋಡಲು ಬರುವ ನಮ್ಮ ಕಡೆಯ ನೆಂಟರನ್ನು ಅಲ್ಲಿಗೂ ಕರೆದುಕೊಂಡು ಹೋಗುತ್ತೇನೆ. "ಇದರಾಗ ನೋಡೂದೇನೈತಿ?" ಅಂತ ಕೇಳುತ್ತಾರೆ. ಕಾತ್ರಜದ ಕಾಲುವೆ ದೊಡ್ಡ ಕೆಲಸ, ಒಪ್ಪುತ್ತೇನೆ. ಆದರೆ ಸಾರ್ವಜನಿಕ ಎಂಬ ಮಾತಿಗೆ ಅರ್ಥ ಬಂದದ್ದು ಈ ಪುಟ್ಟ ಹೌದದಂಥ ಕಡೆ.

ಪುಣೆಗೆ ಬಂದರೆ ನೀವೂ ಒಮ್ಮೆ ನೋಡಿ. ನಿಮ್ಮೂರ ಬಾವಿಯೂ ನೆನಪಾದೀತು.