ಗಾಬರಿಗೊಂಡ ನಾಯಿ ಮತ್ತು ಸುಗಂಧ ತೈಲ: ಡಾಬಕಾ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣ ಬೀದರ್ ಸೀಮೆಯ ದೊಡ್ಡ ದೈವ. ಮರಾಠಿ ಮಾತಾಡುವವರು ಖಂಡೋಬಾ ಎಂದು ಕರೆಯುವ ಈ ದೇವರ ಪರಿವಾರದಲ್ಲಿ ಕುದುರೆಯ ಜೊತೆ ನಾಯಿಯೂ ಇದೆ. ಹರಕೆ ಹೊತ್ತವರು ತಮ್ಮನ್ನು ದೇವರ ನಾಯಿಗಳೆಂದೇ ಬಗೆದು, ಬೊಗಳುತ್ತ ಸೇವೆ ಸಲ್ಲಿಸುವ ಪದ್ಧತಿ ಮೈಲಾರ–ಖಂಡೋಬಾ ಪರಂಪರೆಯಲ್ಲಿ ಹಳೆಯದು. ದಖ್ಖನಿನ ಪಶುಪಾಲಕ ದೈವಗಳನ್ನು ಅಧ್ಯಯನ ಮಾಡಿದ ಜರ್ಮನ್ ವಿದ್ವಾಂಸ ಗುಂಥರ್ ಸೊಂಥೈಮರ್ (1934–1992) ಈ ನಾಯಿಭಕ್ತಿಯನ್ನು ಕಾಳಜಿಯಿಂದ ದಾಖಲಿಸಿದ್ದಾರೆ. ದೇವರ ಪಕ್ಕದಲ್ಲಿ ಜಾಗ ಪಡೆದ ಪ್ರಾಣಿಯ ಅಂಜಿಕೆಗೆ ಮನೆಯಲ್ಲಿ ಏನು ಮದ್ದು ಮಾಡಬೇಕು, ಏನು ಮಾಡಬಾರದು ಎಂಬುದು ಈ ಲೇಖನದ ವಿಷಯ.

ಅಂಜಿಕೆಗೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬೀದರಿನಲ್ಲಿ ವಾಯುಪಡೆಯ ತರಬೇತಿ ನೆಲೆಯಿದೆ. 1996ರಲ್ಲಿ ರೂಪುಗೊಂಡ ಸೂರ್ಯಕಿರಣ ವಿಮಾನ ತಂಡದ ತವರೂ ಅದೇ. ಜೆಟ್‌ಗಳ ಗದ್ದಲಕ್ಕೆ ನಗರದ ಜನರ ಕಿವಿ ಪಳಗಿದೆ. ಔರಾದ್ ಕಡೆಯ ಡಾಬಕಾದಂಥ ಗಡಿ ಊರುಗಳಲ್ಲಿ ಮದುವೆ ಮೆರವಣಿಗೆಯ ಡಿಜೆ, ಗಣೇಶ ವಿಸರ್ಜನೆ, ದೀಪಾವಳಿಯ ಪಟಾಕಿ, ಮಳೆಗಾಲದ ಸಿಡಿಲು ಒಂದರ ಹಿಂದೊಂದು ಬರುತ್ತವೆ. ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರುವ ಪಟಾಕಿಯನ್ನು ಭಾರತದ ನಿಯಮ ನಿಷೇಧಿಸಿದೆ. ಆದರೆ ಆ ಮಿತಿ ಮನುಷ್ಯರ ಕಿವಿಯನ್ನು ನೋಡಿ ಗೊತ್ತುಮಾಡಿದ್ದು. ಮನುಷ್ಯನಿಗೆ ಸುಮಾರು 20,000 ಹರ್ಟ್ಜ್‌ವರೆಗೆ ಕೇಳಿಸಿದರೆ ನಾಯಿಗೆ 45,000 ಹರ್ಟ್ಜ್‌ವರೆಗೂ ಕೇಳಿಸುತ್ತದೆ.

ಸದ್ದಿಗೆ ಹೆದರುವುದು ಯಾವುದೋ ಒಂದು ನಾಯಿಯ ಹುಟ್ಟುಗುಣವೆಂದು ಭಾವಿಸುವವರು ಫಿನ್‌ಲೆಂಡಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯನ್ನು ಗಮನಿಸಬೇಕು. ಸುಮಾರು 13,700 ನಾಯಿಗಳ ಮಾಹಿತಿ ಕಲೆಹಾಕಿದ ಆ ಅಧ್ಯಯನದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡ ತೊಂದರೆ ಸದ್ದಿನ ಭಯವೇ, ಶೇ. 32ರಷ್ಟು ನಾಯಿಗಳಲ್ಲಿ ಅದಿತ್ತು. ನಡುಗುವುದು, ಏದುಸಿರು ಬಿಡುವುದು, ಜೊಲ್ಲು ಸುರಿಸುವುದು, ಮಂಚದ ಕೆಳಗೆ ನುಸುಳುವುದು, ಹಗ್ಗ ಕಿತ್ತುಕೊಂಡು ಓಡುವುದು ಇದರ ಲಕ್ಷಣಗಳು. ಹಾಗೆ ಓಡಿದ ನಾಯಿ ರಸ್ತೆಯಲ್ಲಿ ವಾಹನಕ್ಕೆ ಸಿಗುವ ಅಪಾಯವೂ ಇದೆ.

ಸುಗಂಧದಿಂದ ನಾಯಿಯನ್ನು ಸಮಾಧಾನಗೊಳಿಸಬಹುದೆಂಬ ವಿಚಾರಕ್ಕೆ ಆಧಾರವಿಲ್ಲದಿಲ್ಲ. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಡೆಬೊರಾ ವೆಲ್ಸ್ ಮತ್ತು ಸಂಗಡಿಗರು ಆಶ್ರಯ ಕೇಂದ್ರವೊಂದರ 55 ನಾಯಿಗಳ ಮೇಲೆ ನಡೆಸಿದ ಪ್ರಯೋಗ 2005ರಲ್ಲಿ ಪ್ರಕಟವಾಯಿತು. ಲ್ಯಾವೆಂಡರ್ ಮತ್ತು ಕ್ಯಾಮೊಮೈಲ್ ವಾಸನೆ ಹರಡಿದ್ದಾಗ ನಾಯಿಗಳು ಹೆಚ್ಚು ಹೊತ್ತು ಮಲಗಿದವು, ಬೊಗಳುವುದು ಕಡಿಮೆಯಾಯಿತು. ರೋಸ್‌ಮರಿ ಮತ್ತು ಪೆಪ್ಪರ್‌ಮಿಂಟ್ ವಾಸನೆಗೆ ಅವು ಎದ್ದು ಓಡಾಡಿ ಹೆಚ್ಚು ಬೊಗಳಿದವು. ಸುಗಂಧವೆಂದರೆ ಶಾಂತಿ ಎಂಬ ಸಾಮಾನ್ಯ ನಂಬಿಕೆ ಈ ಒಂದೇ ಪ್ರಯೋಗದಲ್ಲಿ ಅರ್ಧ ಮುರಿದುಬೀಳುತ್ತದೆ. ಮರುವರ್ಷ ವೆಲ್ಸ್, ಕಾರಿನಲ್ಲಿ ಕೂರಿಸಿದೊಡನೆ ರಂಪ ಮಾಡುವ 32 ನಾಯಿಗಳಲ್ಲಿ ಲ್ಯಾವೆಂಡರ್ ವಾಸನೆಯ ಪರಿಣಾಮ ನೋಡಿದರು. ಪ್ರಯಾಣದಲ್ಲಿ ಅವು ಹೆಚ್ಚು ಹೊತ್ತು ಸುಮ್ಮನೆ ಕೂತವು. ಇದು ಹೇಗೆ ಆಗುತ್ತದೆ ಎಂಬುದಕ್ಕೆ ಜಪಾನಿನ ಕಾಗೊಶಿಮಾ ವಿಶ್ವವಿದ್ಯಾಲಯದ 2018ರ ಪ್ರಯೋಗ ಒಂದು ಸುಳಿವು ಕೊಡುತ್ತದೆ. ಲ್ಯಾವೆಂಡರಿನ ಮುಖ್ಯ ಘಟಕವಾದ ಲಿನಾಲೂಲ್‌ನ ವಾಸನೆ ಇಲಿಗಳ ಆತಂಕ ತಗ್ಗಿಸಿತು. ಮೂಗಿನ ಶಕ್ತಿ ಕಳೆದ ಇಲಿಗಳಲ್ಲಿ ಮಾತ್ರ ಯಾವ ಪರಿಣಾಮವೂ ಕಾಣಲಿಲ್ಲ. ಎಂದರೆ ಕೆಲಸ ಮಾಡಿದ್ದು ವಾಸನೆ. ಅದಕ್ಕಾಗಿ ಎಣ್ಣೆ ಚರ್ಮಕ್ಕೆ ಇಳಿಯಬೇಕಿಲ್ಲ, ಹೊಟ್ಟೆಗೂ ಹೋಗಬೇಕಿಲ್ಲ. ಮುಂದಿನ ಎಚ್ಚರಗಳೆಲ್ಲ ಈ ಅಂಶದ ಮೇಲೆ ನಿಂತಿವೆ.

ಈ ಪ್ರಯೋಗಗಳ ಮಿತಿಯನ್ನೂ ಹೇಳಬೇಕು. ಇವು ಪಟಾಕಿಯ ರಾತ್ರಿ ನಡೆದವಲ್ಲ. ಆಶ್ರಯ ಕೇಂದ್ರದ ಬೇಸರ, ಕಾರಿನ ಉದ್ವೇಗ, ಸಿಡಿತದ ಭೀತಿ ಒಂದೇ ಬಗೆಯವಲ್ಲ. ಒಂದು ಕಡೆ ಕಂಡ ಫಲವನ್ನು ಇನ್ನೊಂದು ಕಡೆಗೆ ಹಾಗೆಯೇ ಎತ್ತಿಕೊಂಡು ಹೋಗುವುದು ಸಂಶೋಧನೆಯ ದಾರಿಯಲ್ಲ.

ನಿಜವಾದ ಅಪಾಯ ಅಂಗಡಿಯ ಕಪಾಟಿನಲ್ಲಿದೆ. ಔರಾದ್ ಅಥವಾ ಭಾಲ್ಕಿಯ ಕಿರಾಣಿ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಲ್ಯಾವೆಂಡರ್ ಎಣ್ಣೆಯಲ್ಲ. ನೀಲಗಿರಿ ಎಣ್ಣೆ, ಕರ್ಪೂರ, ನೋವಿನ ಮುಲಾಮು. ನೆಗಡಿಗೆ ನೀಲಗಿರಿ ಹಚ್ಚಿ ಗುಣ ಕಂಡ ಮನೆಯವರು ಅದನ್ನೇ ನಾಯಿಗೂ ಹಚ್ಚುವುದು ಸಹಜ. ಅಕ್ಕರೆಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಕರ್ಪೂರ ದೇಹದೊಳಗೆ ಹೋದರೆ ನರಮಂಡಲವನ್ನು ಕೆರಳಿಸಿ ಫಿಟ್ಸ್ ತರಬಲ್ಲದು. ನೀಲಗಿರಿ ಎಣ್ಣೆಯ ಸಿನಿಯೋಲ್ ನಾಯಿಗೆ ಮಂಪರು, ವಾಂತಿ, ತೂರಾಟ ತರಬಹುದು. ಮುಲಾಮುಗಳಲ್ಲಿರುವ ವಿಂಟರ್‌ಗ್ರೀನ್ ಎಣ್ಣೆ ಆಸ್ಪಿರಿನ್ ಜಾತಿಯ ರಾಸಾಯನಿಕ. ನಾಯಿ ಮೈ ನೆಕ್ಕಿದರೆ ಅದು ಸೀದಾ ಹೊಟ್ಟೆಗೆ ಹೋಗುತ್ತದೆ.

ಈಗ ಆನ್‌ಲೈನ್‌ನಲ್ಲಿ ತರಿಸುವ ಟೀ ಟ್ರೀ ಎಣ್ಣೆಯ ಬಗ್ಗೆ ಗಟ್ಟಿ ದಾಖಲೆಯೇ ಇದೆ. ಅಮೆರಿಕದ ಪ್ರಾಣಿ ವಿಷ ನಿಯಂತ್ರಣ ಕೇಂದ್ರಕ್ಕೆ 2002ರಿಂದ 2012ರವರೆಗೆ ಬಂದ 443 ಪ್ರಕರಣಗಳನ್ನು ಪರಿಶೀಲಿಸಿದ ವರದಿ 2014ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ 337 ನಾಯಿಗಳು, 106 ಬೆಕ್ಕುಗಳು. ಜೊಲ್ಲು, ಮಂಕು, ನಡುಕ, ಕಾಲು ಸೋಲುವುದು ಮುಖ್ಯ ಲಕ್ಷಣಗಳು. ಮನಸ್ಸಿಗೆ ನಾಟುವ ಅಂಶ ಬೇರೆಯೇ ಇದೆ: ಶೇ. 89ರಷ್ಟು ಪ್ರಕರಣಗಳಲ್ಲಿ ಎಣ್ಣೆಯನ್ನು ಬೇಕೆಂದೇ ಬಳಸಲಾಗಿತ್ತು. ಬಾಟಲಿ ಉರುಳಿ ಆದ ಅಪಘಾತಗಳಲ್ಲ, ಉಪಚಾರವೆಂದು ಹಚ್ಚಿದ್ದೇ ವಿಷವಾಗಿತ್ತು.

ಹಾಗಾದರೆ ಬಳಸುವ ಬಗೆ ಯಾವುದು? ಲ್ಯಾವೆಂಡರ್ ಎಣ್ಣೆಯ ಒಂದೆರಡು ಹನಿಯನ್ನು ಅರಿವೆಗೆ ಹಾಕಿ, ನಾಯಿಯ ಬಾಯಿಗೆ ಎಟುಕದಂತೆ ಕೋಣೆಯ ಒಂದು ಮೂಲೆಯಲ್ಲಿಡುವುದು ಸಾಕು. ಬಾಗಿಲು ತೆರೆದಿರಬೇಕು. ವಾಸನೆ ಹಿಡಿಸದ ನಾಯಿ ಎದ್ದು ಹೋಗುತ್ತದೆ. ಹಾಗೆ ಹೋಗಲು ದಾರಿ ಇರುವುದೇ ಈ ಕ್ರಮದ ಅತಿ ಮುಖ್ಯ ರಕ್ಷಣೆ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು 50–60 ಲಕ್ಷವಿದ್ದರೆ ನಾಯಿಯ ಮೂಗಿನಲ್ಲಿ 20 ಕೋಟಿಗೂ ಮಿಕ್ಕಿ ಇರುತ್ತವೆಂಬ ಅಂದಾಜಿದೆ. ಮನೆಯವರಿಗೆ ಘಮವೆನ್ನಿಸಿದ್ದು ಕಟ್ಟಿಹಾಕಿದ ನಾಯಿಗೆ ಉಸಿರುಗಟ್ಟಿಸಬಹುದು. ಮರಿಗಳು, ಗಬ್ಬದ ನಾಯಿ, ಫಿಟ್ಸ್ ಇರುವವು, ಉಬ್ಬಸದವು ಇದ್ದಲ್ಲಿ ಎಣ್ಣೆಯ ಯೋಚನೆಯನ್ನೇ ಬಿಡಬೇಕು. ಬೆಕ್ಕಿದ್ದ ಮನೆಯಲ್ಲೂ ಬೇಡ. ಇಂಥ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಕಡಿಮೆ. ಹಳೆಯ ಬಾಟಲಿಯ ಎಣ್ಣೆ ಗಾಳಿಗೆ ಕೆಟ್ಟು ಚರ್ಮಕ್ಕೆ ಅಲರ್ಜಿ ತರುವ ಗುಣ ಪಡೆಯುತ್ತದೆ, ಅದನ್ನು ಎಸೆಯುವುದೇ ಸರಿ.

ಎಣ್ಣೆ ಮೈಗೆ ತಾಗಿದರೆ ಪಾತ್ರೆ ತೊಳೆಯುವ ಮೆದು ಸೋಪಿನ ದ್ರವದಿಂದ ತೊಳೆಯಬೇಕು. ಕುಡಿದಿದ್ದರೆ ವಾಂತಿ ಮಾಡಿಸಬಾರದು, ಎಣ್ಣೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಬಾಟಲಿಯ ಸಮೇತ ಪಶು ದವಾಖಾನೆಗೆ ಒಯ್ಯಬೇಕು. ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಹಳ್ಳಿಯವರು ಸಂಚಾರಿ ಪಶು ಚಿಕಿತ್ಸಾ ವಾಹನದ 1962 ಸಂಖ್ಯೆಗೂ ಕರೆ ಮಾಡಿ ಸಲಹೆ ಕೇಳಬಹುದು.

ಡಾಬಕಾದ ಹೆಚ್ಚಿನ ನಾಯಿಗಳು ಕೋಣೆಯೊಳಗಿನವಲ್ಲ. ಅಂಗಳ, ಹೊಲ, ಕುರಿ ಹಟ್ಟಿ ಅವುಗಳ ನೆಲೆ. ಬಯಲಿನಲ್ಲಿ ಎರಡು ಹನಿ ಎಣ್ಣೆಯ ವಾಸನೆ ಗಾಳಿಗೆ ಚದುರಿಹೋಗುತ್ತದೆ. ಅಲ್ಲಿ ಇದಕ್ಕಿಂತ ಅಗ್ಗದ, ಅಪಾಯವಿಲ್ಲದ ವಾಸನೆಯೊಂದಿದೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಗ್ರೆಗರಿ ಬರ್ನ್ಸ್ ಮತ್ತು ಸಂಗಡಿಗರು 12 ನಾಯಿಗಳಿಗೆ ಬೇರೆಬೇರೆ ವಾಸನೆ ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ಪರಿಚಿತ ಮನುಷ್ಯನ ಮೈವಾಸನೆಗೆ ಮಿದುಳಿನ ಹಿತದ ಭಾಗ ಎಲ್ಲಕ್ಕಿಂತ ಚುರುಕಾಯಿತೆಂದು 2015ರಲ್ಲಿ ಪ್ರಕಟಿಸಿದರು. ಯಜಮಾನ ಉಟ್ಟು ಬಿಟ್ಟ ಧೋತರ, ಹೊದ್ದ ಕಂಬಳಿ, ಅವ್ವನ ಹಳೆಯ ಸೀರೆಯ ತುಂಡನ್ನು ಕೊಟ್ಟಿಗೆಯ ಕತ್ತಲೆ ಮೂಲೆಯಲ್ಲಿ ಹಾಸುವುದು ಈ ದೃಷ್ಟಿಯಿಂದ ಮೊದಲು ಮಾಡಬೇಕಾದ ಉಪಾಯ.

ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಬೀದರಿನಲ್ಲಿದೆ. ಮುಧೋಳ ನಾಯಿಗಳಿಗಾಗಿ ತಿಮ್ಮಾಪುರದಲ್ಲಿ ಅದು ನಡೆಸುವ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ದೀಪಾವಳಿಯ ರಾತ್ರಿಗಳಲ್ಲಿ ಈ ಭಾಗದ ನಾಯಿಗಳ ಮೇಲೆ ಪ್ರಯೋಗವೊಂದನ್ನು ರೂಪಿಸಲು ಇದಕ್ಕಿಂತ ತಕ್ಕ ಜಾಗವಿಲ್ಲ. ಒಂದು ಗುಂಪಿಗೆ ಲ್ಯಾವೆಂಡರಿನ ಅರಿವೆ, ಇನ್ನೊಂದಕ್ಕೆ ಮನೆಯವರು ಉಟ್ಟ ಬಟ್ಟೆ, ಮೂರನೆಯದಕ್ಕೆ ಒಗೆದ ಬರೀ ಬಟ್ಟೆ ಕೊಡಬಹುದು. ಸ್ಥಳದಲ್ಲಿದ್ದವರಿಗೆ ವಾಸನೆ ತಿಳಿದುಬಿಡುವುದರಿಂದ ಅವರ ಕಣ್ಣನ್ನೇ ನಂಬುವಂತಿಲ್ಲ. ನಾಯಿಗಳ ವರ್ತನೆಯನ್ನು ವಿಡಿಯೊ ಮಾಡಿ, ಯಾವ ನಾಯಿಗೆ ಯಾವ ಬಟ್ಟೆ ಎಂದು ಗೊತ್ತಿಲ್ಲದವರ ಕೈಯಲ್ಲಿ ನಡುಕ, ಬೊಗಳು, ಮಲಗಿದ ಹೊತ್ತುಗಳನ್ನು ಲೆಕ್ಕ ಹಾಕಿಸಬೇಕು.