ಚಿಕಾಗೋ ನಗರದ ಸರೋವರತೀರ

1893ನೆಯ ಇಸವಿಯ ಸೆಪ್ಟೆಂಬರು 11ನೆಯ ದಿನ ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಎದ್ದು ನಿಂತು ಮಾತನಾಡಿದಂದಿನಿಂದ ಚಿಕಾಗೋ ಎಂಬ ಊರಿನ ಹೆಸರು ಕನ್ನಡನಾಡಿನ ಮನೆಮನೆಗೂ ಪರಿಚಿತವಾಗಿದೆ. ಅದರ ಹಿಂದಿನ ವರ್ಷವಷ್ಟೇ ಅವರು ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಗಳಾಗಿದ್ದರು. ಸಮ್ಮೇಳನ ನೆರೆದ ಕಟ್ಟಡವು ಇಂದಿಗೂ ಆ ನಗರದ ಕಲಾಸಂಸ್ಥೆಯ ಮಂದಿರವಾಗಿ ನಿಂತಿದೆ. ಆದರೆ ಅದು ನಿಂತಿರುವ ನೆಲದ ಮೇಲೆ ಯಾವ ಕಟ್ಟಡವೂ ಏಳಕೂಡದೆಂದು ಅದಕ್ಕೆ 57 ವರ್ಷಗಳ ಹಿಂದೆಯೇ ಲಿಖಿತವಾದ ಕಟ್ಟಳೆಯೊಂದು ಇದ್ದಿತೆಂಬುದನ್ನು ಬಲ್ಲವರು ವಿರಳ. ನಗರವೊಂದರ ಜಲತೀರವು ಯಾರ ಸೊತ್ತು, ಅದನ್ನು ಕಾಯತಕ್ಕವರು ಯಾರು, ಕಾಯತಕ್ಕವರೇ ಅದನ್ನು ಪರರ ಪಾಲುಮಾಡಹೊರಟರೆ ಕೇಳುವ ಹಕ್ಕು ಯಾರಿಗೆ ಉಂಟು ಎಂಬ ಮೂರು ಪ್ರಶ್ನೆಗಳು ಆ ಕಟ್ಟಳೆಯ ಚರಿತ್ರೆಯಲ್ಲಿ ಅಡಗಿವೆ.

ಮಿಶಿಗನ್ ಸರೋವರವು ಉದ್ದದಲ್ಲಿ ಸುಮಾರು 300 ಮೈಲಿಗಳಷ್ಟಿದೆ. ನೀರು ಸಿಹಿಯಾದರೂ ನೋಡುವವರ ಕಣ್ಣಿಗೆ ಅದು ಕಡಲೇ. ತೆರೆಯುಂಟು, ಬಿರುಗಾಳಿಯುಂಟು, ಆಚೆಯ ದಡ ಕಾಣದು. ಅದರ ನೈಋತ್ಯ ತೀರದಲ್ಲಿ 1833ರಲ್ಲಿ ಚಿಕಾಗೋ ಎಂಬ ಚಿಕ್ಕ ಪೇಟೆ ಹುಟ್ಟಿತು. ಸರೋವರಕ್ಕೂ ಇಲಿನಾಯ್ ನದಿಗೂ ಕಾಲುವೆ ತೋಡಿ, ತನ್ಮೂಲಕ ಮಿಸಿಸಿಪಿ ಮಹಾನದಿಯವರೆಗೆ ದೋಣಿಗಳು ಸಾಗುವಂತೆ ಮಾಡುವ ಆಲೋಚನೆ ಆಗ ನಡೆದಿತ್ತು. ಕಾಲುವೆಯ ವೆಚ್ಚಕ್ಕಾಗಿ ನಿವೇಶನಗಳನ್ನು ಮಾರಲು ನೇಮಕರಾದ ಮೂವರು ಅಧಿಕಾರಿಗಳು 1836ರಲ್ಲಿ ಒಂದು ನಕ್ಷೆಯನ್ನು ಬರೆಯಿಸಿದರು. ಮಿಶಿಗನ್ ಅವೆನ್ಯೂ ಎಂಬ ಬೀದಿಗೂ ಸರೋವರಕ್ಕೂ ನಡುವೆ ಇದ್ದ ಬಯಲನ್ನು ಅವರು ಮಾರಾಟಕ್ಕೆ ಇಡಲಿಲ್ಲ. ಇದು ಸಾರ್ವಜನಿಕರ ನೆಲ, ಕಟ್ಟಡವಾಗಲಿ ಇತರ ಅಡ್ಡಿಯಾಗಲಿ ಇಲ್ಲದೆ ಎಂದೆಂದಿಗೂ ತೆರಪಾಗಿರತಕ್ಕದ್ದು ಎಂಬ ಅರ್ಥದ ಒಕ್ಕಣೆಯನ್ನು ನಕ್ಷೆಯ ಮೇಲೆಯೇ ಬರೆದರು. ಬಯಲಿಗೆ ಇದಿರಾದ ನಿವೇಶನಗಳನ್ನು ಕೊಂಡವರು ಈ ನಕ್ಷೆಯ ಆಧಾರದ ಮೇಲೆಯೇ ಕೊಂಡರು. ಊರಿನ ಜನಸಂಖ್ಯೆ ಆಗ ನಾಲ್ಕು ಸಾವಿರದ ಆಸುಪಾಸು. ಆ ಒಂದು ಸಾಲು ಮುಂದೆ ಲಕ್ಷಾಂತರ ಜನರ ಆಸ್ತಿಪತ್ರವಾಗುವುದೆಂದು ಬರೆದವರಿಗೂ ತೋಚಿರಲಾರದು.

ಬರೆದಿಡುವುದು ಸುಲಭ, ನಡೆಸಿಕೊಂಡು ಹೋಗುವುದು ಕಷ್ಟ. ಸರೋವರದ ತೆರೆಗಳು ವರ್ಷವರ್ಷವೂ ದಡವನ್ನು ಕೊರೆಯುತ್ತ ಬೀದಿಯವರೆಗೆ ಬಂದುವು. ತಡೆಗೋಡೆ ಕಟ್ಟಲು ಪೌರಸಭೆಯ ಬೊಕ್ಕಸದಲ್ಲಿ ಹಣವಿರಲಿಲ್ಲ. 1852ರಲ್ಲಿ ಇಲಿನಾಯ್ ಸೆಂಟ್ರಲ್ ಎಂಬ ರೈಲು ಕಂಪೆನಿಯು ಗೋಡೆಯನ್ನು ತಾನು ಕಟ್ಟಿಕೊಡಲು ಒಪ್ಪಿತು. ಅದಕ್ಕೆ ಪ್ರತಿಯಾಗಿ ದಡಕ್ಕೆ ಸಮೀಪವಾಗಿ ನೀರಿನಲ್ಲಿಯೇ ಹಳಿಗಳನ್ನು ಹಾಯಿಸಿಕೊಳ್ಳುವ ಅಪ್ಪಣೆಯನ್ನು ಪಡೆಯಿತು. ಹೀಗೆ ಊರನ್ನು ನೀರಿನಿಂದ ಕಾಪಾಡುವ ಕೆಲಸದ ನೆಪದಲ್ಲಿ ಊರಿಗೂ ನೀರಿಗೂ ನಡುವೆ ಹೊಗೆಬಂಡಿ ಬಂದು ನಿಂತಿತು. 1871ರ ಅಕ್ಟೋಬರಿನ ಮಹಾಗ್ನಿಯಲ್ಲಿ ನಗರದ ಬಹುಭಾಗ ಬೂದಿಯಾದಾಗ ಸುಟ್ಟ ಮನೆಗಳ ಕಲ್ಲು ಇಟ್ಟಿಗೆಗಳನ್ನು ಹಳಿಗಳಿಗೂ ದಡಕ್ಕೂ ಮಧ್ಯದ ನೀರಿಗೆ ಸುರಿದರು. ಹಿಂದೆ ನೀರಿದ್ದಲ್ಲಿ ನೆಲವಾಯಿತು, ಬಯಲು ಹಿಗ್ಗಿತು.

ಈ ಮಧ್ಯೆ 1869ರಲ್ಲಿ ಇಲಿನಾಯ್ ಸಂಸ್ಥಾನದ ಶಾಸನಸಭೆಯು ಒಂದನ್ನೊಂದು ಹೋಲದ ಎರಡು ಕಾರ್ಯಗಳನ್ನು ಮಾಡಿತು. ನಗರದ ದಕ್ಷಿಣ, ಪಶ್ಚಿಮ, ಉತ್ತರ ಭಾಗಗಳಲ್ಲಿ ಉದ್ಯಾನಗಳನ್ನು ನಿರ್ಮಿಸಿ ಪಾಲಿಸುವುದಕ್ಕೆ ಮೂರು ಉದ್ಯಾನಮಂಡಲಿಗಳನ್ನು ಸ್ಥಾಪಿಸಿತು. ಅದೇ ವರ್ಷ, ಗವರ್ನರು ಒಪ್ಪಿಗೆಯನ್ನು ನಿರಾಕರಿಸಿದರೂ ಲಕ್ಷಿಸದೆ, ಬಂದರಿನ ಬಳಿ ಸರೋವರದ ನೀರಿನಡಿಯ ಸಾವಿರಕ್ಕೂ ಮಿಕ್ಕ ಎಕರೆ ನೆಲವನ್ನು ಪೂರ್ವೋಕ್ತ ರೈಲು ಕಂಪೆನಿಗೆ ಬರೆದುಕೊಟ್ಟಿತು. ಒಂದು ಕೈಯಿಂದ ತೋಟವನ್ನು ನೆಟ್ಟು ಇನ್ನೊಂದು ಕೈಯಿಂದ ಕೆರೆಯನ್ನು ಮಾರಿದಂತಾಯಿತು. ಜನರ ಕೋಪ ಅಡಗಲಿಲ್ಲ. 1873ರಲ್ಲಿ ಶಾಸನಸಭೆಯೇ ಆ ಶಾಸನವನ್ನು ರದ್ದುಮಾಡಿತು. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ಅಧಿಕಾರ ಸಂಸ್ಥಾನಕ್ಕಿಲ್ಲವೆಂದು ಕಂಪೆನಿಯು ವಾದಿಸಿತು. ವ್ಯಾಜ್ಯವು ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಪರಮೋಚ್ಚ ನ್ಯಾಯಸ್ಥಾನವನ್ನು ಮುಟ್ಟಿ 1892ರ ಡಿಸೆಂಬರಿನಲ್ಲಿ ತೀರ್ಮಾನವಾಯಿತು. ನಾಲ್ವರು ನ್ಯಾಯಾಧೀಶರು ಒಂದು ಕಡೆ, ಮೂವರು ಇನ್ನೊಂದು ಕಡೆ. ನ್ಯಾಯದ ತಕ್ಕಡಿ ಅಷ್ಟು ಕೂದಲೆಳೆಯಲ್ಲಿ ವಾಲಿತು. ತೀರ್ಪನ್ನು ಬರೆದವರು ಸ್ಟೀಫನ್ ಫೀಲ್ಡ್ ಎಂಬ ನ್ಯಾಯಮೂರ್ತಿಗಳು. ಸರೋವರದ ತಳವು ಸಂಸ್ಥಾನದ ವಶದಲ್ಲಿದ್ದರೂ ಅದು ಇತರ ಸರ್ಕಾರಿ ಜಮೀನಿನಂತೆ ಮಾರತಕ್ಕ ಸೊತ್ತಲ್ಲ. ನೌಕಾಯಾನ, ವ್ಯಾಪಾರ, ಮೀನುಗಾರಿಕೆಗಳಿಗಾಗಿ ಜನರ ಪರವಾಗಿ ಹಿಡಿದಿಟ್ಟದ್ದು. ಆ ಹೊಣೆಯನ್ನು ಸರ್ಕಾರವು ಕಳಚಿ ಪರರಿಗೆ ಒಪ್ಪಿಸಲಾರದು ಎಂಬುದು ಅದರ ಸಾರ.

ಈ ತತ್ತ್ವವು ಭಾರತೀಯರಿಗೆ ಹೊಸದಾಗಿ ತೋರಬೇಕಾದುದಿಲ್ಲ. ಮನುಸ್ಮೃತಿಯು ಹೇಳುವ ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪವೂ ಒಂದು. ನಂಬಿ ಕೈಯಲ್ಲಿಟ್ಟ ಒಡವೆಯನ್ನು ಇಟ್ಟುಕೊಂಡವನು ತನ್ನದೆಂದು ಬಗೆಯಕೂಡದು. ದೇವಸ್ಥಾನದ ಧರ್ಮದರ್ಶಿಯ ವಶದಲ್ಲಿ ಬೀಗದ ಕೈ ಇರಬಹುದು. ಆದರೆ ದೇವರ ಮಾನ್ಯವನ್ನು ಅವನು ತನ್ನ ಗದ್ದೆಯಂತೆ ಕ್ರಯಕ್ಕೆ ಕೊಡಲಾರನು. ಫೀಲ್ಡರ ತೀರ್ಪು ಶಾಸನಸಭೆಯನ್ನು ಧರ್ಮದರ್ಶಿಯ ಸ್ಥಾನದಲ್ಲಿ ನಿಲ್ಲಿಸಿತು.

ನೀರಿನಡಿಯ ನೆಲದ ಮಾತು ಹೀಗಾಯಿತು. ದಡದ ಮೇಲಿನ ಬಯಲಿನ ಪಾಡು ಬೇರೆ. ಅಲ್ಲಿ ಕುದುರೆಲಾಯ, ಗುಡಿಸಲು, ಕಸದ ರಾಶಿಗಳು ತುಂಬಿದ್ದುವು. ಪೌರಸಭೆಯೇ ಅಲ್ಲಿ ಕಸವನ್ನು ಸುರಿಸುತ್ತಿತ್ತು. ಆ ಬಯಲಿಗೆ ಇದಿರಾಗಿ ಏರನ್ ಮಾಂಟ್‌ಗಮರಿ ವಾರ್ಡ್ ಎಂಬ ವರ್ತಕನ ಮಳಿಗೆ ಇದ್ದಿತು. ಸಾಮಾನುಗಳ ಪಟ್ಟಿಯನ್ನು ಹಳ್ಳಿಹಳ್ಳಿಗೂ ಕಳುಹಿಸಿ, ಅಂಚೆಯ ಮೂಲಕ ಮಾರಾಟ ಮಾಡುವ ಪದ್ಧತಿಯನ್ನು 1872ರಲ್ಲಿ ಆರಂಭಿಸಿ ಪ್ರಸಿದ್ಧನಾದವನು ಅವನು. 1890ರಲ್ಲಿ ವಾರ್ಡನು 1836ರ ನಕ್ಷೆಯನ್ನು ಮುಂದಿಟ್ಟುಕೊಂಡು ನಗರದ ಮೇಲೆ ದಾವಾ ಹೂಡಿದನು. ಬಯಲು ತೆರಪಾಗಿರುವುದೆಂಬ ಭರವಸೆಯೊಡನೆ ಮಾರಿದ ನಿವೇಶನಕ್ಕೆ ತಾನು ಒಡೆಯ, ಆದುದರಿಂದ ಭರವಸೆಯನ್ನು ನಡೆಸೆಂದು ಕೇಳುವ ಹಕ್ಕು ತನಗುಂಟು ಎಂಬುದು ಅವನ ವಾದ.

ವ್ಯಾಜ್ಯವು ಇಪ್ಪತ್ತು ವರ್ಷ ನಡೆಯಿತು. 1897, 1902, 1909, 1910 ಹೀಗೆ ನಾಲ್ಕು ಸಾರಿ ಇಲಿನಾಯ್ ಸಂಸ್ಥಾನದ ಉಚ್ಚ ನ್ಯಾಯಸ್ಥಾನವು ಅವನ ಪಕ್ಷವನ್ನು ಎತ್ತಿಹಿಡಿಯಿತು. ಕಲಾಸಂಸ್ಥೆಯ ಮಂದಿರವೊಂದು ಮಾತ್ರ ಇದಿರು ನಿವೇಶನದಾರರ ಸಮ್ಮತಿಯ ಮೇಲೆ ಎದ್ದದ್ದರಿಂದ ಅಪವಾದವಾಗಿ ಉಳಿಯಿತು. ವಿವೇಕಾನಂದರ ವಾಣಿ ಮೊಳಗಿದ ಕಟ್ಟಡ ಅದೇ.

ವಾರ್ಡನ ಇದಿರಿಗೆ ನಿಂತವರು ದುರ್ಜನರಾಗಿದ್ದರೆ ಕಥೆ ಸರಳವಾಗುತ್ತಿತ್ತು. ಆದರೆ ಅವರ ಉದ್ದೇಶಗಳು ಹಲವು ವೇಳೆ ಒಳ್ಳೆಯವೇ. 1906ರಲ್ಲಿ ಮಾರ್ಷಲ್ ಫೀಲ್ಡ್ ಎಂಬ ಧನಿಕ ವರ್ತಕನು ಮರಣಹೊಂದಿದಾಗ ವಸ್ತುಸಂಗ್ರಹಾಲಯವೊಂದಕ್ಕೆ 80 ಲಕ್ಷ ಡಾಲರುಗಳನ್ನು ಉಯಿಲಿನಲ್ಲಿ ಬಿಟ್ಟಿದ್ದನು. ಅದನ್ನು ಬಯಲಿನ ನಡುವೆ ಕಟ್ಟಬೇಕೆಂದು ಉದ್ಯಾನಮಂಡಲಿ ನಿಶ್ಚಯಿಸಿತು. ವಿದ್ಯೆಗೆ ಮಂದಿರ, ದಾನಿಯ ಹಣ, ಊರಿಗೆ ಕೀರ್ತಿ. ಇದನ್ನು ತಡೆಯುವವನು ಊರಿಗೆ ಶತ್ರುವೆಂದು ಪತ್ರಿಕೆಗಳು ವಾರ್ಡನನ್ನು ಹಳಿದುವು. ನಿವೇಶನದಾರರ ಹಕ್ಕನ್ನು ಪರಿಹಾರ ಕೊಟ್ಟು ಸ್ವಾಧೀನಪಡಿಸಿಕೊಳ್ಳುವ ಯತ್ನವೂ ನಡೆಯಿತು. ಅದನ್ನೂ 1910ರಲ್ಲಿ ನ್ಯಾಯಸ್ಥಾನವು ಒಪ್ಪಲಿಲ್ಲ. ತಾನು ಹೋರಾಡಿದುದು ಊರಿನ ಬಡವರಿಗಾಗಿಯೇ ಹೊರತು ಕೋಟ್ಯಧೀಶರಿಗಾಗಿ ಅಲ್ಲವೆಂದು ಆ ಮಿತಭಾಷಿ 1909ರಲ್ಲಿ ಒಮ್ಮೆ ಹೇಳಿಕೊಂಡನು. 1913ರಲ್ಲಿ ಅವನು ತೀರಿಕೊಂಡನು. ವಸ್ತುಸಂಗ್ರಹಾಲಯವು ಬಯಲಿನ ದಕ್ಷಿಣಕ್ಕೆ, ನೀರನ್ನು ತುಂಬಿಸಿ ಪಡೆದ ನೆಲದಲ್ಲಿ ಎದ್ದು 1921ರಲ್ಲಿ ತೆರೆಯಿತು. ಸಂಗ್ರಹಾಲಯವೂ ದೊರೆಯಿತು, ಬಯಲೂ ಉಳಿಯಿತು. 1901ರಲ್ಲಿ ಗ್ರ್ಯಾಂಟ್ ಪಾರ್ಕ್ ಎಂದು ಹೆಸರು ಪಡೆದ ಉದ್ಯಾನವೇ ಆ ಬಯಲು.

1909ರಲ್ಲಿ ಡೇನಿಯಲ್ ಬರ್ನ್‌ಹಾಮ್ ಮತ್ತು ಎಡ್ವರ್ಡ್ ಬೆನೆಟ್ ಎಂಬ ಶಿಲ್ಪಿಗಳು ಚಿಕಾಗೋವಿಗಾಗಿ ರಚಿಸಿದ ನಗರಯೋಜನೆಯು ಪ್ರಕಟವಾಯಿತು. ತೀರದ ಉದ್ದಕ್ಕೂ ಉದ್ಯಾನಗಳನ್ನು ಹಬ್ಬಿಸಬೇಕೆಂಬುದು ಅದರ ಮುಖ್ಯ ಸಲಹೆಗಳಲ್ಲೊಂದು. 1919ರ ಜುಲೈ ತಿಂಗಳಲ್ಲಿ ಪೌರಸಭೆ, ಉದ್ಯಾನಮಂಡಲಿ, ರೈಲು ಕಂಪೆನಿ ಈ ಮೂವರಿಗೂ ಒಪ್ಪಂದವಾಗಿ ಆ ಕಾರ್ಯಕ್ಕೆ ದಾರಿಯಾಯಿತು. 1934ರಲ್ಲಿ ನಗರದೊಳಗೆ ಬಿಡಿಬಿಡಿಯಾಗಿದ್ದ 22 ಉದ್ಯಾನಮಂಡಲಿಗಳು ಒಂದಾಗಿ ಚಿಕಾಗೋ ಪಾರ್ಕ್ ಡಿಸ್ಟ್ರಿಕ್ಟ್ ಎಂಬ ಏಕಸಂಸ್ಥೆಯಾದುವು. ಈಗ ಸುಮಾರು 26 ಮೈಲಿಗಳ ತೀರವು ಅದರ ಪಾಲನೆಯಲ್ಲಿದೆ.

ಆದರೆ ಒಪ್ಪಂದವಾದ ಅದೇ ಜುಲೈ ತಿಂಗಳ 27ನೆಯ ದಿನ ನಡೆದುದನ್ನು ಹೇಳದೆ ಬಿಟ್ಟರೆ ಈ ಚರಿತ್ರೆ ಅರ್ಧಸತ್ಯವಾದೀತು. ತೀರವು ಎಲ್ಲರದೆಂದು ಕಾಗದದಲ್ಲಿತ್ತು. ನೀಗ್ರೋ ಜನರನ್ನು ಇಂತಿಂಥ ಸ್ನಾನತೀರಗಳಿಂದ ದೂರವಿಡುವ ಶಾಸನವಾವುದೂ ಇರಲಿಲ್ಲ. ಆದರೂ 25ನೆಯ ಬೀದಿಯ ತೀರ ಅವರದು, 29ನೆಯ ಬೀದಿಯ ತೀರ ಬಿಳಿಯರದು ಎಂಬ ರೂಢಿ ನೆಲೆನಿಂತಿತ್ತು. ಆ ಭಾನುವಾರ ತೆಪ್ಪದೊಡನೆ ಈಜುತ್ತಿದ್ದ ಯೂಜೀನ್ ವಿಲಿಯಮ್ಸ್ ಎಂಬ 17 ವರ್ಷದ ಕರಿಯ ಹುಡುಗನು, ನೀರಿನ ಮೇಲೆ ಕಣ್ಣಿಗೆ ಕಾಣದ ಆ ಗಡಿಯನ್ನು ದಾಟಿದನು. ದಡದಿಂದ ಬಿಳಿಯನೊಬ್ಬನು ಕಲ್ಲೆಸೆದನು. ಹುಡುಗನು ಮುಳುಗಿ ಸತ್ತನು. ಕಲ್ಲೆಸೆದವನನ್ನು ತೋರಿಸಿಕೊಟ್ಟರೂ ಅಲ್ಲಿದ್ದ ಪೋಲೀಸಿನವನು ಬಂಧಿಸಲಿಲ್ಲ. ಅಂದು ಹೊತ್ತಿದ ಕಲಹದಲ್ಲಿ 23 ಮಂದಿ ಕರಿಯರೂ 15 ಮಂದಿ ಬಿಳಿಯರೂ ಸತ್ತರು. ಐನೂರಕ್ಕೂ ಹೆಚ್ಚು ಜನರು ಗಾಯಗೊಂಡರು. ವಿಚಾರಣೆಗಾಗಿ ಗವರ್ನರು ನೇಮಿಸಿದ ಮಂಡಲಿಯು 1922ರಲ್ಲಿ ಹೊರಡಿಸಿದ ವರದಿಯು ಉದ್ಯಾನಗಳಲ್ಲಿಯೂ ಸ್ನಾನತೀರಗಳಲ್ಲಿಯೂ ನಡೆಯುತ್ತಿದ್ದ ಘರ್ಷಣೆಗಳನ್ನು ವಿಸ್ತಾರವಾಗಿ ನಿರೂಪಿಸಿದೆ. ವಾರ್ಡನಿಗೆ ಬಯಲು ತೆರಪಾಗಿರಬೇಕೆಂದು ಕೇಳಲು ನಿವೇಶನವಿತ್ತು, ನಕ್ಷೆಯಿತ್ತು, ವಕೀಲರಿದ್ದರು. ಆ ಹುಡುಗನ ಪರವಾಗಿ ಕೇಳತಕ್ಕವನು ದಡದ ಮೇಲಿನ ಪೋಲೀಸಿನವನೊಬ್ಬನೇ, ಅವನು ಕೇಳಲಿಲ್ಲ. ಕೆರೆಯ ನೀರು ಎಲ್ಲರದೆಂದು ಹೇಳಿ ಕೆಲವರನ್ನು ಮಾತ್ರ ದಡದಲ್ಲಿ ತಡೆದು ನಿಲ್ಲಿಸುತ್ತಿದ್ದ ಊರುಗಳನ್ನು ಕಂಡಿರುವ ಈ ನಾಡಿನವರಿಗೆ ಅದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಮುಂದೆಯೂ ತೀರಕ್ಕೆ ಪೆಟ್ಟು ಬೀಳದೆ ಇರಲಿಲ್ಲ. 1836ರ ಒಕ್ಕಣೆಯ ಮಿತಿಗೆ ಹೊರಗೆ, ನೀರಿನ ಅಂಚಿನಲ್ಲಿಯೇ, ಮೆಕ್‌ಕಾರ್ಮಿಕ್ ಪ್ಲೇಸ್ ಎಂಬ ಭಾರಿ ಪ್ರದರ್ಶನಭವನವು 1960ರಲ್ಲಿ ಎದ್ದಿತು. ಅದು 1967ರಲ್ಲಿ ಬೆಂಕಿಗೆ ಆಹುತಿಯಾದರೂ ಮತ್ತೆ ಅಲ್ಲಿಯೇ ಕಟ್ಟಿದರು. 1970ರಲ್ಲಿ ಮಾತ್ರ ಒಂದು ಮುಖ್ಯವಾದ ಬದಲಾವಣೆ ಬಂದಿತು. ಉದ್ಯಾನದ ನೆಲದಲ್ಲಿ ಶಾಲೆ ಕಟ್ಟುವುದನ್ನು ಆಕ್ಷೇಪಿಸಿದ ಪೌರರು ಮೊಕದ್ದಮೆಯಲ್ಲಿ ಸೋತರು. ಆದರೂ ಸಾರ್ವಜನಿಕ ನಿಕ್ಷೇಪದ ವಿಷಯದಲ್ಲಿ ಸರ್ಕಾರವನ್ನು ಕೇಳಲು ಇದಿರಿಗೆ ನಿವೇಶನವಿರಬೇಕೆಂಬ ನಿಯಮವಿಲ್ಲ, ಸಾಮಾನ್ಯ ಪೌರನೂ ಕೇಳಬಹುದೆಂದು ಇಲಿನಾಯ್ ನ್ಯಾಯಸ್ಥಾನವು ಆಗ ಸಾರಿತು. 1973ರಲ್ಲಿ ಪೌರಸಭೆಯು ಸರೋವರತೀರದ ಸಂರಕ್ಷಣೆಗಾಗಿ ಪ್ರತ್ಯೇಕ ಕಟ್ಟಳೆಯನ್ನು ಮಾಡಿತು. 1990ರಲ್ಲಿ ವಿಶ್ವವಿದ್ಯಾಲಯವೊಂದಕ್ಕೆ ಸರೋವರತಳದ 18 ಎಕರೆಗೂ ಮಿಕ್ಕ ಭಾಗವನ್ನು ಕೊಟ್ಟ ಶಾಸನವನ್ನು ನ್ಯಾಯಸ್ಥಾನವು ತಡೆಯಿತು. 2014ರಲ್ಲಿ ಪ್ರಸಿದ್ಧ ಚಲಚ್ಚಿತ್ರ ನಿರ್ಮಾಪಕ ಜಾರ್ಜ್ ಲೂಕಾಸರ ವಸ್ತುಸಂಗ್ರಹಾಲಯಕ್ಕೆ ತೀರದ ಸ್ಥಳವನ್ನು ಕೊಡಲು ನಗರವು ಮುಂದಾಯಿತು. ಪೌರಸಂಘವೊಂದು ಅದೇ ಹಳೆಯ ತತ್ತ್ವವನ್ನು ಹಿಡಿದು ದಾವಾ ಹೂಡಲು, 2016ರಲ್ಲಿ ಆ ಯೋಜನೆಯು ಚಿಕಾಗೋವನ್ನೇ ಬಿಟ್ಟು ಹೋಯಿತು.

ಮಿಶಿಗನ್ ತೀರದ ಈ ವ್ಯಾಜ್ಯದ ಫಲವು ಕಡಲು ದಾಟಿ ಭಾರತಕ್ಕೂ ಬಂದಿದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ನಕ್ಷೆಯಲ್ಲಿ ಮೀಸಲಾದ ನಿವೇಶನವನ್ನು 1976ರಲ್ಲಿ ಖಾಸಗಿ ಆಸ್ಪತ್ರೆಯೊಂದಕ್ಕೆ ಕೊಡಮಾಡಲಾಯಿತು. ಬಡಾವಣೆಯ ನಿವಾಸಿಗಳು ನ್ಯಾಯಸ್ಥಾನಕ್ಕೆ ಹೋದರು. ಕೇಳಲು ಅವರಿಗೇನು ಅಧಿಕಾರವೆಂಬ ವಾದವೂ ಬಂದಿತು. ಆಸ್ಪತ್ರೆಯೂ ಜನೋಪಕಾರವೇ ಆದರೂ ಉದ್ಯಾನದ ನೆಲ ಉದ್ಯಾನಕ್ಕೇ ಸಲ್ಲಬೇಕು, ಅದನ್ನು ಕೇಳುವ ಹಕ್ಕು ನಿವಾಸಿಗಳಿಗೆ ಉಂಟು ಎಂದು 1991ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. 1996ರ ಡಿಸೆಂಬರಿನಲ್ಲಿ, ಹಿಮಾಚಲ ಪ್ರದೇಶದ ಬಿಯಾಸ್ ನದಿಯ ಪಾತ್ರವನ್ನು ಹೋಟೆಲೊಂದರ ಅನುಕೂಲಕ್ಕಾಗಿ ತಿರುಗಿಸಿದ ವ್ಯಾಜ್ಯದಲ್ಲಿ, ಅದೇ ನ್ಯಾಯಾಲಯವು ಚಿಕಾಗೋವಿನ 1892ರ ತೀರ್ಪನ್ನು ಉದಾಹರಿಸಿ, ಸಾರ್ವಜನಿಕ ನಿಕ್ಷೇಪದ ತತ್ತ್ವವು ಈ ದೇಶದ ನ್ಯಾಯದ ಅಂಗವೆಂದು ಘೋಷಿಸಿತು.

ಕೆರೆಯಂಗಳ, ಗುಂಡುತೋಪು, ಗೋಮಾಳ, ಆಟದ ಬಯಲು ಇವುಗಳನ್ನು ಊರವರು ಕಳೆದುಕೊಳ್ಳುವುದು ಒಂದೇ ದಿನದಲ್ಲಲ್ಲ. ಇಂದು ಒಂದು ಕಚೇರಿ, ನಾಳೆ ಒಂದು ಭವನ, ಮರುದಿನ ಒಂದು ರಸ್ತೆ, ಒಂದೊಂದಕ್ಕೂ ಒಂದೊಂದು ಸತ್ಕಾರಣ. ಚಿಕಾಗೋ ನಗರದ ತೀರವನ್ನು ಉಳಿಸಿದುದು ಅಧಿಕಾರಿಗಳ ಔದಾರ್ಯವೆಂದು ಹೇಳಲು ಚರಿತ್ರೆಯು ಒಪ್ಪದು. ಪೌರಸಭೆಯೂ ಶಾಸನಸಭೆಯೂ ಹಲವು ಸಾರಿ ಎಡವಿವೆ. ಅದನ್ನು ಉಳಿಸಿದುವು ನಕ್ಷೆಯ ಮೇಲಿನ ಒಂದು ಸಾಲು, ಅದನ್ನು ಓದಿ ಕೇಳಿದ ಪೌರರು, ಕೇಳಿದವರಿಗೆ ಬಾಗಿಲು ತೆರೆದ ನ್ಯಾಯಸ್ಥಾನ. ನೂರಾರು ಎಕರೆಗಳ ಆ ಉದ್ಯಾನವು ಸಂಜೆಯ ಹೊತ್ತು ಮಕ್ಕಳಿಂದ ತುಂಬುತ್ತದೆ. 29ನೆಯ ಬೀದಿಯ ಸರೋವರತೀರದಲ್ಲಿ ಯೂಜೀನ್ ವಿಲಿಯಮ್ಸನ ನೆನಪಿಗೆ ಒಂದು ಕಲ್ಲನ್ನು ಸ್ಥಾಪಿಸಿದ್ದಾರೆ. ತೀರವನ್ನು ಕಾಯತಕ್ಕವರು ಎರಡನ್ನೂ ನೋಡಿ ತಮ್ಮ ಕರ್ತವ್ಯವನ್ನು ತಿಳಿಯತಕ್ಕದ್ದು.